ಬಾವಿ ಬತ್ತಿದಾಗ ಪ್ರಾರ್ಥನೆ ಹೇಗೆ?

ಪ್ರಶ್ನೆ: ನಾನು ಧಾರವಾಡ ಜಿಲ್ಲೆಯವಳು, ವಯಸ್ಸು 41, ಶಾಲಾ ಶಿಕ್ಷಕಿ. ಚಿಕ್ಕಂದಿನಿಂದಲೂ ಕ್ರೈಸ್ತ ಸಭೆಯಲ್ಲೇ ಬೆಳೆದವಳು. ಒಂದೂವರೆ ವರ್ಷದ ಹಿಂದೆ ತಾಯಿಗೆ ಲಕ್ವಾ ಹೊಡೆದು ಎಡಭಾಗ ಸ್ವಾಧೀನ ತಪ್ಪಿತು. ಅಂದಿನಿಂದ ದಿನವೂ ಪ್ರಾರ್ಥಿಸುತ್ತಿದ್ದೇನೆ, ಶುಕ್ರವಾರ ಉಪವಾಸವನ್ನೂ ಮಾಡಿದ್ದೇನೆ. ಏನೂ ಬದಲಾಗಿಲ್ಲ. ಈಗ ಮೊಣಕಾಲೂರಿದರೆ ಐದು ನಿಮಿಷಕ್ಕೆ ಮಾತು ಮುಗಿಯುತ್ತದೆ, ಮನಸ್ಸು ಶಾಲೆಯ ಕಡೆಗೋ ಔಷಧಿಯ ಕಡೆಗೋ ಓಡುತ್ತದೆ. ಸಭೆಯ ಹಿರಿಯ ಅಕ್ಕ ಒಬ್ಬರು "ನಿನ್ನ ನಂಬಿಕೆ ಸಾಲದು, ಅದಕ್ಕೇ ಅಮ್ಮ ಏಳುತ್ತಿಲ್ಲ" ಎಂದರು. ಪ್ರಾರ್ಥನೆ ಆಳವಾಗಲು, ದೇವರ ಮೇಲೆ ಮತ್ತೆ ಭರವಸೆ ಬರಲು ನಾನೇನು ಮಾಡಬೇಕು?

ಉತ್ತರ:

ಪ್ರಿಯ ಸಹೋದರಿ, ನೀವು ಕೇಳಿದ ಎರಡು ಪ್ರಶ್ನೆಗಳಿಗಿಂತ ಮೊದಲು ಆ ಅಕ್ಕನ ಮಾತನ್ನು ತೆಗೆದುಕೊಳ್ಳುತ್ತೇನೆ. ಆ ಮುಳ್ಳು ಒಳಗೇ ಇದ್ದರೆ ಮುಂದೆ ಹೇಳುವ ಯಾವ ಅಭ್ಯಾಸವೂ ನಿಮ್ಮ ಕೈಗೆ ಹತ್ತುವುದಿಲ್ಲ.

ಅದು ಸತ್ಯವೇದಕ್ಕೆ (ಬೈಬಲಿಗೆ) ಒಪ್ಪುವ ಮಾತಲ್ಲ. ಪೌಲನಿಗಿಂತ ಹೆಚ್ಚು ನಂಬಿಕೆಯಿಂದ ಪ್ರಾರ್ಥಿಸಿದವರನ್ನು ಹುಡುಕುವುದು ಕಷ್ಟ. ಆದರೂ ತನ್ನ ಶರೀರದಲ್ಲಿ ನಾಟಿದ ಶೂಲವನ್ನು ತೆಗೆಯಬೇಕೆಂದು ಅವನು ಮೂರು ಸಾರಿ ಬೇಡಿಕೊಂಡಾಗ ಸಿಕ್ಕಿದ ಉತ್ತರ, ನನ್ನ ಕೃಪೆಯೇ ನಿನಗೆ ಸಾಕು ಎಂಬುದು (2 ಕೊರಿಂಥ 12:7–9). ತನ್ನ ಜೊತೆ ದುಡಿದ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದೆ ಎಂದು ಅವನೇ ಬರೆಯುತ್ತಾನೆ (2 ತಿಮೊಥೆಯ 4:20). ಪದೇ ಪದೇ ಅಸ್ವಸ್ಥನಾಗುತ್ತಿದ್ದ ತಿಮೊಥೆಯನಿಗೆ ಹೊಟ್ಟೆಗೆ ಏನು ತೆಗೆದುಕೊಳ್ಳಬೇಕೆಂದು ಮನೆಯ ಹಿರಿಯರ ಹಾಗೆ ಹೇಳುತ್ತಾನೆ (1 ತಿಮೊಥೆಯ 5:23). ಇವರಲ್ಲಿ ಯಾರಿಗೂ ಅವನು ನಂಬಿಕೆಯ ಲೆಕ್ಕ ಕೇಳಲಿಲ್ಲ.

ಆ ಅಕ್ಕ ನಜರೇತಿನ ಪ್ರಸಂಗವನ್ನು ಎತ್ತಬಹುದು, ಅಲ್ಲಿ ಅಪನಂಬಿಕೆಯಿಂದ ಹೆಚ್ಚು ಅದ್ಭುತಗಳಾಗಲಿಲ್ಲ ಎಂದು (ಮಾರ್ಕ 6:5–6). ನಜರೇತಿನವರು ಇವನು ನಮ್ಮೂರ ಬಡಗಿಯಲ್ಲವೇ ಎಂದು ಯೇಸುವನ್ನು ತಳ್ಳಿಹಾಕಿದವರು. ಬೇಡುತ್ತಾ ಬಂದವರ ಕಥೆ ಬೇರೆ. ದೆವ್ವ ಹಿಡಿದ ಮಗನನ್ನು ಕರೆತಂದ ಮಾರ್ಕ 9:24ರ ತಂದೆ ನಂಬುತ್ತೇನೆ ಎಂದವನು ಅದೇ ಉಸಿರಿನಲ್ಲಿ ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು ಎಂದು ಕೂಗುತ್ತಾನೆ, ಅವನ ಮಗನಿಗೆ ಬಿಡುಗಡೆಯಾಗುತ್ತದೆ. ಅರೆಬರೆ ನಂಬಿಕೆಯನ್ನು ಹಿಡಿದುಕೊಂಡು ಬಂದರೂ ಸಾಕು, ಬಂದದ್ದು ಯಾರ ಬಳಿಗೆ ಎಂಬುದು ಮುಖ್ಯ. ಒಂದೂವರೆ ವರ್ಷ ಬಿಡದೆ ಮೊಣಕಾಲೂರಿದ್ದೀರಿ. ಉತ್ತರ ಕಾಣದಿದ್ದರೂ ಮತ್ತೆ ಮತ್ತೆ ಹೋಗಿ ನಿಲ್ಲುವುದಕ್ಕೆ ಲೂಕ 18ರ ವಿಧವೆಯ ಕಥೆಯಲ್ಲಿ ಯೇಸು ಕೊಟ್ಟ ಹೆಸರೇ ನಂಬಿಕೆ.

ಈಗ ಪ್ರಾರ್ಥನೆಯ ವಿಷಯ. ಐದು ನಿಮಿಷಕ್ಕೆ ಮಾತು ಮುಗಿಯುತ್ತದೆ ಎಂದಿದ್ದೀರಿ. ಅದಕ್ಕೆ ಸಾಮಾನ್ಯವಾಗಿ ಒಂದೇ ಕಾರಣ: ಪ್ರಾರ್ಥನೆಯನ್ನು ನಾವು ನಮ್ಮ ಮಾತಿನಿಂದ ಶುರುಮಾಡುತ್ತೇವೆ. ದಿನವೆಲ್ಲ ದುಡಿದು ಬರಿದಾದ ಮನಸ್ಸಿನಲ್ಲಿ ಎಷ್ಟು ಮಾತಿದ್ದೀತು? ಹೇಳಿದ್ದನ್ನೇ ಹೇಳುತ್ತೇವೆ, ಆಮೇಲೆ ಹೇಳಿದ್ದಕ್ಕೆ ನಾವೇ ಬೇಸರಪಡುತ್ತೇವೆ. ಕ್ರೈಸ್ತ ಪರಂಪರೆಯಲ್ಲಿ ಪ್ರಾರ್ಥನೆ ಮೂಲತಃ ಒಂದು ಉತ್ತರ. ದೇವರು ಮೊದಲು ಮಾತಾಡುತ್ತಾನೆ, ನಾವು ಓಗೊಡುತ್ತೇವೆ. ಬಾಲಕ ಸಮುವೇಲನಿಗೆ ಯಾಜಕ ಏಲಿ ಹೇಳಿಕೊಟ್ಟದ್ದೂ ಇದೇ, ಅಪ್ಪಣೆಯಾಗಲಿ, ನಿನ್ನ ದಾಸನು ಕೇಳುತ್ತಾನೆ ಎನ್ನು ಎಂದು.

ಬ್ರಿಸ್ಟಲ್ ನಗರದಲ್ಲಿ ಅನಾಥಾಲಯಗಳನ್ನು ಕಟ್ಟಿದ ಜಾರ್ಜ್ ಮುಲ್ಲರ್ (1805–1898) ಪ್ರಾರ್ಥನೆಗೆ ಹೆಸರಾದವರು. ಅವರಿಗೂ ನಿಮ್ಮದೇ ತೊಂದರೆ ಇತ್ತು. ವರ್ಷಗಟ್ಟಲೆ ಬೆಳಿಗ್ಗೆ ಎದ್ದವರೇ ಪ್ರಾರ್ಥನೆಗೆ ಕೂರುತ್ತಿದ್ದರು. ಮೊದಲ ಹತ್ತು ನಿಮಿಷ, ಕಾಲು ಗಂಟೆ, ಕೆಲವೊಮ್ಮೆ ಅರ್ಧ ಗಂಟೆ ಮನಸ್ಸು ಅಲೆದಾಡಿ, ಆಮೇಲಷ್ಟೇ ನಿಜವಾದ ಪ್ರಾರ್ಥನೆ ಶುರುವಾಗುತ್ತಿತ್ತು ಎಂದು ಅವರೇ ಬರೆದಿಟ್ಟಿದ್ದಾರೆ. 1841ರಲ್ಲಿ ಕ್ರಮವನ್ನು ತಿರುಗಿಸಿದರು. ಮೊದಲು ವಾಕ್ಯವನ್ನು ಓದಿ ಧ್ಯಾನಿಸುವುದು, ಪ್ರಾರ್ಥನೆ ಅದರಿಂದ ಹುಟ್ಟಿಬರುವುದು. ಮುಂದೆ ಆ ತೊಂದರೆ ಅವರನ್ನು ಹೆಚ್ಚು ಕಾಡಲಿಲ್ಲ.

ನೀವೂ ಇದನ್ನೇ ಮಾಡಿ. ದಿನಕ್ಕೆ 20 ನಿಮಿಷ ಸಾಕು, ಆದರೆ ಸಮಯ ಮತ್ತು ಜಾಗ ಎರಡೂ ಬದಲಾಗಬಾರದು. ತಾಯಿಯನ್ನು ನೋಡಿಕೊಳ್ಳುವವರಿಗೆ ಬೆಳಗಿನ ಜಾವವೇ ಬೇಕೆಂಬ ಕಟ್ಟುಪಾಡು ಬೇಡ. ಮಧ್ಯಾಹ್ನ ಶಾಲೆಯಿಂದ ಬಂದು ಬಾಗಿಲು ಹಾಕಿಕೊಳ್ಳುವ 20 ನಿಮಿಷವೂ ಆದೀತು. ಮೊಣಕಾಲು ನೋಯುತ್ತಿದ್ದರೆ ಕುರ್ಚಿಯ ಮೇಲೆ ಬೆನ್ನು ನೆಟ್ಟಗಿಟ್ಟು ಕೂರಿ. ಹಾಸಿಗೆಯ ಮೇಲೆ ಮಾತ್ರ ಬೇಡ, ದಣಿದ ಮೈ ಅಲ್ಲಿ ನಿದ್ದೆಯನ್ನೇ ಕೇಳುತ್ತದೆ.

ಮೊದಲ ಎರಡು ನಿಮಿಷ ಸುಮ್ಮನೆ ಕೂತು, ದೇವರೇ ನೀನಿಲ್ಲಿದ್ದೀ, ನಾನೂ ಇಲ್ಲಿದ್ದೇನೆ ಎಂದಷ್ಟೇ ನೆನೆಯಿರಿ. ಆಮೇಲೆ ಸುವಾರ್ತೆಯ ಅಥವಾ ಕೀರ್ತನೆಯ ಎಂಟು ಹತ್ತು ವಚನ ತೆಗೆದುಕೊಂಡು ಎರಡು ಸಾರಿ ಬಾಯಿಬಿಟ್ಟು ಓದಿ. ಎರಡನೇ ಸಾರಿ ಓದುವಾಗ ಯಾವುದೋ ಒಂದು ಪದ ಅಥವಾ ಸಾಲು ಸೀರೆಯ ಸೆರಗು ಮುಳ್ಳಿಗೆ ಸಿಕ್ಕಿದ ಹಾಗೆ ಹಿಡಿದುಕೊಳ್ಳುತ್ತದೆ. ಅಲ್ಲೇ ನಿಲ್ಲಿ, ಮುಂದೆ ಓದಬೇಡಿ. ಇಷ್ಟಕ್ಕೆ ಆರು ನಿಮಿಷ. ಮುಂದಿನ ಐದು ನಿಮಿಷ ಆ ಸಾಲನ್ನು ಮೆಲುಕು ಹಾಕಿ. ಹಿಂದಿನ ಸನ್ಯಾಸಿಗಳು ಇದಕ್ಕೆ ಬಳಸಿದ ಲ್ಯಾಟಿನ್ ಪದಕ್ಕೂ ದನ ಮೆಲುಕು ಹಾಕುವುದು ಎಂದೇ ಅರ್ಥ. 12ನೇ ಶತಮಾನದ ಎರಡನೇ ಗೀಗೋ ಎಂಬ ಮಠಾಧಿಪತಿ ಈ ದಾರಿಯನ್ನು ನಾಲ್ಕು ಮೆಟ್ಟಿಲ ಏಣಿಯಾಗಿ ವಿವರಿಸಿದ: ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅದನ್ನು ಅಗಿಯುತ್ತದೆ, ಪ್ರಾರ್ಥನೆ ರಸ ತೆಗೆಯುತ್ತದೆ, ಕೊನೆಯ ಮೆಟ್ಟಿಲಾದ ಮೌನ ಆ ಸವಿಯೇ ಆಗಿರುತ್ತದೆ.

ಅಗಿದ ಮೇಲೆ ಐದು ನಿಮಿಷ ಮಾತಾಡಿ. ಆ ಸಾಲು ನಿಮ್ಮೊಳಗೆ ಏನನ್ನು ಎಬ್ಬಿಸಿತೋ ಅದರ ಬಗ್ಗೆ ಮಾತ್ರ: ಸಂತೋಷವಾದರೆ ಸ್ತೋತ್ರ, ಚುಚ್ಚಿದರೆ ಅರಿಕೆ, ಸಿಟ್ಟು ಬಂದರೆ ಸಿಟ್ಟು. ತಾಯಿಯ ವಿಷಯ ಇಲ್ಲಿ ತಾನಾಗಿಯೇ ಬರುತ್ತದೆ, ಬರಲಿ. ಕೊನೆಯ ಎರಡು ನಿಮಿಷ ಮತ್ತೆ ಮೌನ. ಎದ್ದ ಮೇಲೆ ನೋಟ್‌ಪುಸ್ತಕದಲ್ಲಿ ತಾರೀಖು, ವಚನ, ಒಂದು ಸಾಲು, ಅಷ್ಟನ್ನು ಬರೆದುಕೊಳ್ಳಿ.

ಇದರಲ್ಲಿ ಎಡವುವ ಕಡೆಗಳನ್ನೂ ಹೇಳಬೇಕು. ಅತಿ ಹೆಚ್ಚು ಜನ ಎಡವುವುದು ಭಾಗವನ್ನು ಉದ್ದ ಮಾಡಿಕೊಂಡು. ದಿನಕ್ಕೆ ಮೂರು ಅಧ್ಯಾಯ ಓದುವ ವರ್ಷದ ಯೋಜನೆ ಒಳ್ಳೆಯದೇ, ಅದನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ಓಟದಲ್ಲಿ ಮೆಲುಕು ಸಾಧ್ಯವಿಲ್ಲ. ಶಿಕ್ಷಕಿಯಾದ ನಿಮಗೆ ಇನ್ನೊಂದು ಅಪಾಯವಿದೆ. ವಾಕ್ಯ ಓದುತ್ತಿದ್ದಂತೆ ಇದನ್ನು ಸಂಡೇಸ್ಕೂಲಿನ ಮಕ್ಕಳಿಗೆ ಹೇಗೆ ಹೇಳಲಿ ಎಂದು ಮನಸ್ಸು ಪಾಠ ತಯಾರಿಸತೊಡಗುತ್ತದೆ. ಅದು ಪ್ರಾರ್ಥನೆಯಿಂದ ತಪ್ಪಿಸಿಕೊಳ್ಳುವ ಬಲು ಗೌರವಸ್ಥ ದಾರಿ. ಗಮನಕ್ಕೆ ಬಂದ ಕೂಡಲೇ, ಇದು ಮಕ್ಕಳಿಗಲ್ಲ, ನನಗೆ ಎಂದುಕೊಂಡು ಹಿಂತಿರುಗಿ. ಇನ್ನು ಮೊಬೈಲು. ಅದರಲ್ಲಿ ಸತ್ಯವೇದ ಓದುತ್ತಿದ್ದರೆ ಈ 20 ನಿಮಿಷಕ್ಕಾದರೂ ಅಚ್ಚಾದ ಪುಸ್ತಕ ಹಿಡಿಯಿರಿ, ಫೋನು ಪಕ್ಕದ ಕೋಣೆಯಲ್ಲಿರಲಿ. ತಾಯಿ ಕರೆದರೆ ಕೇಳುವಷ್ಟು ಬಾಗಿಲು ತೆರೆದಿದ್ದರೆ ಸಾಕು. ಅವರು ಕರೆದರೆ ಎದ್ದು ಹೋಗಿ. ಆಗ ಪ್ರಾರ್ಥನೆ ಕೆಡುವುದಿಲ್ಲ.

ಇನ್ನೊಂದು ಮಾತು ಭಾಷೆಯದು, ನಮ್ಮ ಸಭೆಗಳಲ್ಲಿ ಇದನ್ನು ಯಾರೂ ಎತ್ತಿ ಆಡುವುದಿಲ್ಲ. ನಮ್ಮಲ್ಲಿ ಪ್ರಾರ್ಥನೆಗೆಂದೇ ಒಂದು ಕನ್ನಡವಿದೆ. "ಮಹೋನ್ನತನಾದ ಪರಿಶುದ್ಧ ತಂದೆಯೇ, ಈ ಅಮೂಲ್ಯವಾದ ಸಮಯಕ್ಕಾಗಿ ನಿಮಗೆ ವಂದನೆ ಸಲ್ಲಿಸುತ್ತೇವೆ" ಎಂದು ಶುರುವಾದರೆ ನಾಲ್ಕು ವಾಕ್ಯ ಯೋಚನೆಯಿಲ್ಲದೆ ಹರಿದುಹೋಗುತ್ತವೆ. ಆರಾಧನೆಯಲ್ಲಿ, ಕೂಟದಲ್ಲಿ ಆ ಗಂಭೀರ ಭಾಷೆಗೆ ತಕ್ಕ ಜಾಗವಿದೆ. ಎಲ್ಲರೂ ಸೇರಿ ಹೇಳುವ ಮಾತಿಗೆ ಒಂದು ಅಚ್ಚು ಬೇಕು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದೇ ಭಾಷೆ ಗೋಡೆಯಾಗುತ್ತದೆ. ನೀವು ತಾಯಿಯೊಡನೆ ಧಾರವಾಡದ ಕನ್ನಡದಲ್ಲಿ ಮಾತಾಡುವವರು, ದೇವರೊಡನೆ ಮಾತ್ರ ಪುಸ್ತಕದ ಕನ್ನಡದಲ್ಲಿ ಮಾತಾಡಿದರೆ ಎದೆಯಲ್ಲಿರುವುದು ಬಾಯಿಗೆ ಬರುವುದು ಹೇಗೆ? "ಯಪ್ಪಾ, ನನಗ ಸಾಕಾಗೇತಿ, ಇನ್ನ ಆಗೂದಿಲ್ಲ" ಎಂಬುದು ಪೂರ್ಣ ಪ್ರಾರ್ಥನೆ. ಮಾರ್ಕನು ಗ್ರೀಕಿನಲ್ಲಿ ಸುವಾರ್ತೆ ಬರೆದರೂ ಗೆತ್ಸೇಮನೆಯಲ್ಲಿ ಯೇಸುವಿನ ಬಾಯಿಂದ ಬಂದ ಅಬ್ಬಾ ಎಂಬ ಮನೆಮಾತಿನ ಅರಾಮಿಕ್ ಪದವನ್ನು ಹಾಗೆಯೇ ಉಳಿಸಿಕೊಂಡ (14:36). ಕನ್ನಡ ಸತ್ಯವೇದ ಅದನ್ನು "ಅಪ್ಪಾ" ಎನ್ನುತ್ತದೆ. ಒಂದು ವಾರ ಮನೆಮಾತಿನಲ್ಲಷ್ಟೇ ಪ್ರಾರ್ಥಿಸಿ ನೋಡಿ. ತುಳು, ಕೊಂಕಣಿ, ಲಂಬಾಣಿ ಮನೆಮಾತಿನವರಿಗೂ ಇದೇ ಸಲಹೆ.

ಮನಸ್ಸು ಅಲೆಯುವ ವಿಷಯಕ್ಕೆ ಬಂದರೆ, ಅಲೆಯುವುದು ತಪ್ಪಲ್ಲ, ಮನಸ್ಸಿನ ಸ್ವಭಾವ. ಗಮನಕ್ಕೆ ಬಂದ ಮೇಲೂ ಅದರ ಹಿಂದೆಯೇ ಹೋಗುವುದಷ್ಟೇ ತಪ್ಪು. 20 ನಿಮಿಷದಲ್ಲಿ 30 ಸಾರಿ ಮನಸ್ಸು ಹೊರಗೆ ಹೋಗಿ 30 ಸಾರಿ ಹಿಡಿದ ವಚನಕ್ಕೆ ಮರಳಿದರೆ, 30 ಸಾರಿ ದೇವರ ಕಡೆಗೆ ತಿರುಗಿದ ಹಾಗಾಯಿತು. ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ, ಬೈಗುಳ ಇನ್ನೊಂದು ಅಲೆದಾಟ. ಪಕ್ಕದಲ್ಲಿ ಒಂದು ಚೀಟಿ ಇರಲಿ. ಬಿಪಿ ಮಾತ್ರೆ ತರಬೇಕು, ಹಾಜರಿ ಪುಸ್ತಕ ಮುಗಿಸಬೇಕು ಎಂಬಂಥ ನೆನಪುಗಳನ್ನು ಒಂದೊಂದು ಪದದಲ್ಲಿ ಅಲ್ಲಿ ಗೀಚಿ ಬಿಟ್ಟುಬಿಡಿ. ಒಂದೇ ಚಿಂತೆ ಮೂರು ಸಾರಿ ಬಂದರೆ ಅದನ್ನು ಅಡ್ಡಿ ಎನ್ನಬೇಡಿ, ಅದೇ ಇಂದಿನ ಪ್ರಾರ್ಥನೆಯ ವಿಷಯ. ಅದನ್ನೇ ಎತ್ತಿ ದೇವರ ಮುಂದಿಡಿ.

ಇಷ್ಟೆಲ್ಲ ಮಾಡಿದರೂ ಏನೂ ಅನಿಸದ ದಿನಗಳು ಬರುತ್ತವೆ, ನಿಮಗೆ ಈಗಾಗಲೇ ಬಂದಿವೆ. ಸ್ಪೇನಿನ ಸನ್ಯಾಸಿನಿ ಆವಿಲಾದ ತೆರೇಸಾ (1515–1582) ಪ್ರಾರ್ಥನೆಯನ್ನು ತೋಟಕ್ಕೆ ನೀರುಣಿಸುವ ಕೆಲಸಕ್ಕೆ ಹೋಲಿಸಿದರು, ನಮ್ಮ ರೈತರಿಗೆ ಅದನ್ನು ವಿವರಿಸುವ ಅಗತ್ಯವೇ ಇಲ್ಲ. ಮೊದಲನೆಯದು ಬಾವಿಯಿಂದ ಕೊಡದಲ್ಲಿ ಸೇದಿ ಹಾಕುವುದು, ಶ್ರಮ ಹೆಚ್ಚು ನೀರು ಕಡಿಮೆ. ಎರಡನೆಯದು ರಾಟೆ ತಿರುಗಿಸಿ ಎತ್ತುವುದು. ಮೂರನೆಯದು ಹಳ್ಳದ ನೀರನ್ನು ಕಾಲುವೆ ತೋಡಿ ಹರಿಸುವುದು. ನಾಲ್ಕನೆಯದು ಮಳೆ, ಅಲ್ಲಿ ತೋಟಗಾರನ ಕೆಲಸವೇ ಇಲ್ಲ. ಮೊದಲ ಮೂರರಲ್ಲೂ ನಮ್ಮ ಪಾಲಿದೆ, ಮಳೆಯನ್ನು ಮಾತ್ರ ಯಾರೂ ಬರಿಸಲಾರರು. ಬಾವಿಯೇ ಬತ್ತಿದ್ದರೆ? ತೆರೇಸಾ ಹೇಳುವುದು ಇಷ್ಟು: ಕೊಡ ಇಳಿಬಿಡುವುದನ್ನು ನಿಲ್ಲಿಸಬೇಡ. ಆಗ ದೇವರು ನೀರಿಲ್ಲದೆಯೂ ತೋಟವನ್ನು ಉಳಿಸಬಲ್ಲ. ಇದು ಬರಿಯ ಉಪದೇಶವಲ್ಲ, ಅವರೇ 18 ವರ್ಷ ಒಣ ಪ್ರಾರ್ಥನೆಯಲ್ಲಿ ನರಳಿದವರು. ಆ ಕಾಲದಲ್ಲಿ ಕರ್ತನ ಭೋಜನದ ನಂತರದ ಹೊತ್ತನ್ನು ಬಿಟ್ಟರೆ ಕೈಯಲ್ಲಿ ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕೂರುವ ಧೈರ್ಯವೇ ಅವರಿಗಾಗಲಿಲ್ಲ.

ಅಂಥ ದಿನಗಳಿಗೆ ಯೇಸುಸಭೆಯ ಸ್ಥಾಪಕರಾದ ಲೊಯೊಲಾದ ಇಗ್ನೇಷಿಯಸ್ ಕೊಟ್ಟ ಎರಡು ನಿಯಮಗಳು ಬಹಳ ಉಪಯುಕ್ತ. ಒಂದು, ಕತ್ತಲಲ್ಲಿದ್ದಾಗ ಹಳೆಯ ತೀರ್ಮಾನವನ್ನು ಬದಲಿಸಬೇಡ. ಸಭೆ ಬಿಡುವುದು, ಪ್ರಾರ್ಥನೆಯ ಹೊತ್ತನ್ನು ಕೈಬಿಡುವುದು, ಇಂಥ ಯಾವ ನಿರ್ಧಾರವನ್ನೂ ಆ ಹೊತ್ತಿನಲ್ಲಿ ಮಾಡಬಾರದು. ಎರಡು, ಮುಂಚೆ ಎದ್ದುಬಿಡೋಣ ಅನಿಸಿದ ದಿನ ಗೊತ್ತುಮಾಡಿದ ಹೊತ್ತಿಗಿಂತ ಸ್ವಲ್ಪ ಹೆಚ್ಚೇ ಕೂರು. ನಿಮ್ಮ ಲೆಕ್ಕದಲ್ಲಿ 12ನೇ ನಿಮಿಷಕ್ಕೆ ಎದ್ದುಬಿಡುವ ಮನಸ್ಸಾದರೆ 21ನೇ ನಿಮಿಷದವರೆಗೆ ಕೂರಿ. ಆ ಒಂದು ನಿಮಿಷ ಮನಸ್ಸಿಗೆ ಯಾರು ಯಜಮಾನರೆಂದು ಕಲಿಸುತ್ತದೆ. ಹಾಗೆಯೇ ಎದೆ ತುಂಬಿ ಬಂದ ದಿನ ದೊಡ್ಡ ಹರಕೆ ಹೊರಬೇಡಿ ಎಂದೂ ಅವರು ಎಚ್ಚರಿಸುತ್ತಾರೆ. ಇನ್ನು ಮೇಲೆ ದಿನಾ ಎರಡು ಗಂಟೆ ಪ್ರಾರ್ಥಿಸುತ್ತೇನೆ ಎಂಬ ಮಾತು ಹತ್ತನೇ ದಿನಕ್ಕೆ ಮುರಿಯುತ್ತದೆ, ಮುರಿದ ಮಾತು ಪ್ರಾರ್ಥನೆಯನ್ನೇ ಬಿಡಿಸುತ್ತದೆ.

ಬತ್ತಿದ್ದಕ್ಕೆ ಬೇರೆ ಕಾರಣವಿದೆಯೇ ಎಂದೂ ನೋಡಬೇಕು. ಯಾರೊಡನೆಯಾದರೂ ಮುರಿದ ಸಂಬಂಧ ಹಾಗೇ ಉಳಿದಿದೆಯೇ? ತಾಯಿಯ ಆರೈಕೆಯನ್ನು ಒಬ್ಬರ ತಲೆಗೇ ಕಟ್ಟಿದ ಅಣ್ಣತಮ್ಮಂದಿರ ಮೇಲಿನ ಕಹಿ ಇಂಥ ಮನೆಗಳಲ್ಲಿ ಸಾಮಾನ್ಯ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗು ಎಂಬ ಮಾತು (ಮತ್ತಾಯ 5:23–24) ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ, ಒಂದು ಫೋನ್ ಕರೆಯಷ್ಟಾದರೂ. ಎರಡನೆಯದು ದಣಿವು. ಪ್ರವಾದಿ ಎಲೀಯನು ಸಾಯುವುದೇ ಲೇಸು ಎಂದು ಮಲಗಿದಾಗ ದೇವದೂತನು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು, ನಿದ್ದೆ, ಮತ್ತೆ ರೊಟ್ಟಿ. ದೇವರ ಮಾತು ಬಂದದ್ದು ಇದಾದ ಮೇಲೆ (1 ಅರಸುಗಳು 19). ರಾತ್ರಿ ಐದು ಗಂಟೆಯೂ ನಿದ್ದೆಯಿಲ್ಲದವರಿಗೆ ನಾನು ಮೊದಲು ಹೇಳುವುದು ಪ್ರಾರ್ಥನೆಯನ್ನು ಉದ್ದ ಮಾಡಿ ಎಂದಲ್ಲ, ವಾರಕ್ಕೆರಡು ರಾತ್ರಿ ಬೇರೆ ಯಾರಾದರೂ ತಾಯಿಯ ಬಳಿ ಮಲಗುವ ಏರ್ಪಾಡು ಮಾಡಿ ಎಂದು.

ಎರಡು ವಾರಕ್ಕೂ ಮೀರಿ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿದ್ದರೆ, ಪ್ರಾರ್ಥನೆ ಮಾತ್ರವಲ್ಲದೆ ಊಟ, ಮಕ್ಕಳು, ಪಾಠ ಯಾವುದೂ ಬೇಡವೆನಿಸಿದರೆ, ಬದುಕೇ ಸಾಕೆನಿಸಿದರೆ, ಅದು ಖಿನ್ನತೆ ಇರಬಹುದು. ಅದನ್ನು ಆತ್ಮಿಕ ಶುಷ್ಕತೆ ಎಂದು ಭಾವಿಸಿ ಮುಚ್ಚಿಟ್ಟುಕೊಳ್ಳಬೇಡಿ. ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ನುಂಗುವುದು ದೇವರ ಮೇಲಿನ ಅಪನಂಬಿಕೆಯಲ್ಲ. ಸುವಾರ್ತೆ ಬರೆದ ಲೂಕನೇ ವೈದ್ಯ.

ಇನ್ನು ನಿಮ್ಮೊಳಗಿನ ಆ ದೊಡ್ಡ ದುಃಖ. ಒಂದೂವರೆ ವರ್ಷ ನೀವು ಬೇಡಿದ್ದೀರಿ, ದೂರು ಹೇಳಿದ್ದೀರಾ? ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಿನ ಹಾಡುಗಳು. 13ನೇ ಕೀರ್ತನೆ ಆರೇ ವಚನ. ಮೊದಲೆರಡರಲ್ಲಿ ಎಷ್ಟರ ತನಕ ಎಂಬ ಪ್ರಶ್ನೆ ನಾಲ್ಕು ಸಾರಿ, ನಡುವಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. 88ನೆಯದು ಆ ಮೂರನೇ ಹೆಜ್ಜೆಯನ್ನೂ ಇಡುವುದಿಲ್ಲ, ಮೂಲ ಹೀಬ್ರೂವಿನಲ್ಲಿ ಅದರ ಕೊನೆಯ ಪದವೇ ಕತ್ತಲೆ. ಆದರೂ ಅದನ್ನು ಯಾರೂ ಸತ್ಯವೇದದಿಂದ ತೆಗೆದುಹಾಕಲಿಲ್ಲ. ದೂರನ್ನು ದೇವರ ಮುಂದೆಯೇ ಹೇಳುವುದು ಒಂದು ಬಗೆಯ ಹತ್ತಿರದ ಸಂಬಂಧ, ಬೆನ್ನು ತಿರುಗಿಸಿ ಗೊಣಗುವುದು ಬೇರೆ.

ವಾರಕ್ಕೊಮ್ಮೆ 13ನೇ ಕೀರ್ತನೆಯ ಅಚ್ಚಿನಲ್ಲಿ ನಿಮ್ಮದೇ ಗೋಳನ್ನು ಬರೆಯಿರಿ. ದೂರಿನ ಭಾಗದಲ್ಲಿ ಸಾಮಾನ್ಯ ಮಾತು ಬೇಡ. "ಕರ್ತನೇ, ಕಷ್ಟವಿದೆ" ಎಂದರೆ ಸಾಲದು. ಅಮ್ಮ ನನ್ನ ಹೆಸರು ಕರೆಯಲು ಹೋಗಿ ನಾಲಿಗೆ ತೊದಲಿ ಅತ್ತರು, ನೀನು ನೋಡುತ್ತಿದ್ದೆಯಾ ಎಂದು ಬರೆಯಿರಿ. ಬೇಡಿಕೆಯಲ್ಲಿ ಏನು ಬೇಕೆಂದು ಮುಚ್ಚುಮರೆಯಿಲ್ಲದೆ ಕೇಳಿ, ಎದ್ದು ನಡೆಯುವಂತಾಗಲಿ ಎಂದೇ ಕೇಳಿ. ನಿನ್ನ ಚಿತ್ತವಾದರೆ ಎಂಬುದನ್ನು ಆಸೆಯನ್ನು ಅದುಮಿಡುವ ಮುಚ್ಚಳವಾಗಿ ಬಳಸಬೇಡಿ. ಯೇಸು ಗೆತ್ಸೇಮನೆಯಲ್ಲಿ ಮೊದಲು ಈ ಪಾತ್ರೆಯನ್ನು ತೊಲಗಿಸು ಎಂದೇ ಕೇಳಿದ, ಆಮೇಲೆ ತಂದೆಯ ಚಿತ್ತಕ್ಕೆ ಒಪ್ಪಿಸಿದ. ಅದೂ ಒಂದೇ ಸಾರಿಯಲ್ಲ, ಮೂರು ಸಾರಿ ಹೋಗಿ. ಮೂರನೇ ಭಾಗ ಬರೆಯಲು ಬಾರದಿದ್ದರೆ ಖಾಲಿ ಬಿಡಿ. ಬಲವಂತದ ಹಲ್ಲೆಲೂಯ ಬೇಡ.

ಇಲ್ಲಿಂದ ಭರವಸೆಯ ಪ್ರಶ್ನೆಗೆ ದಾರಿ ತೆರೆಯುತ್ತದೆ. ನಮ್ಮ ಮನೆಗಳಲ್ಲಿ ವಾಗ್ದಾನದ ಕಾರ್ಡುಗಳು ಗೋಡೆ ತುಂಬ ಇರುತ್ತವೆ. ಯೆರೆಮೀಯ 29:11 ಅವುಗಳಲ್ಲಿ ಬಹು ಪ್ರಿಯವಾದದ್ದು, ನಿಮ್ಮ ಹಿತದ ಆಲೋಚನೆಗಳೇ ನನ್ನಲ್ಲಿವೆ ಎಂಬುದು. ಅದರ ಹಿಂದಿನ ವಚನವನ್ನು ಓದಿದ್ದೀರಾ? ಬಾಬೆಲಿನಲ್ಲಿ 70 ವರ್ಷ ಕಳೆದ ಮೇಲೆ ಎಂದಿದೆ. ಆ ಪತ್ರ ಸೆರೆಯಾಗಿ ಹೋದವರಿಗೆ ಬರೆದದ್ದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುತ್ತದೆ. ಅದನ್ನು ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಯೆರೂಸಲೇಮನ್ನು ಮತ್ತೆ ನೋಡಲಿಲ್ಲ. ಆದರೂ ಆ ವಾಗ್ದಾನ ಅವರಿಗೇ ಬಂದದ್ದು. ನಮ್ಮ ಅನೇಕರ ಭರವಸೆ ಕುಸಿಯುವುದು ಅದನ್ನು ನಾವು ಒಂದು ನಿರ್ದಿಷ್ಟ ಫಲಕ್ಕೆ, ಒಂದು ನಿರ್ದಿಷ್ಟ ತಾರೀಖಿಗೆ ಕಟ್ಟಿಹಾಕಿರುವುದರಿಂದ. ಫಲ ಬಾರದಿದ್ದಾಗ ದೇವರೇ ಇಲ್ಲವೆನಿಸುತ್ತದೆ.

77ನೇ ಕೀರ್ತನೆಯ ಕವಿಗೆ ನಿಮ್ಮ ಸ್ಥಿತಿಯೇ. ಏಳರಿಂದ ಒಂಬತ್ತನೇ ವಚನದ ತನಕ ಪ್ರಶ್ನೆಗಳೇ: ದೇವರು ಕರುಣೆಯನ್ನು ಮರೆತನೋ, ಅವನ ಮಾತು ಬಿದ್ದುಹೋಯಿತೋ? ಆಮೇಲೆ ಅವನಿಗೆ ಉತ್ತರ ಸಿಗುವುದಿಲ್ಲ, ನೆನಪು ಸಿಗುತ್ತದೆ. ದೇವರ ಹಿಂದಿನ ಕೆಲಸಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಾ ಕೆಂಪು ಸಮುದ್ರದವರೆಗೆ ಬರುತ್ತಾನೆ. ನಿನ್ನ ಮಾರ್ಗ ಸಮುದ್ರದೊಳಗಿತ್ತು, ನಿನ್ನ ಹೆಜ್ಜೆಯ ಗುರುತು ಮಾತ್ರ ಕಾಣಲಿಲ್ಲ ಎನ್ನುತ್ತಾನೆ. ದಾರಿ ಇತ್ತು, ಜನ ದಾಟಿದರು, ನಡೆಸಿದವನ ಹೆಜ್ಜೆ ಕಾಣಲಿಲ್ಲ. ಈ ವಚನವನ್ನು ನೀವು ಬಹಳ ದಿನ ಮೆಲುಕು ಹಾಕಬಹುದು.

ಅಭ್ಯಾಸಕ್ಕೆ ಎರಡು ಕೆಲಸ ಹೇಳುತ್ತೇನೆ. ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಿಮ್ಮ ಕೈಯಲ್ಲಿರುವುದು: ಮಾತ್ರೆಯ ಹೊತ್ತು, ಬಿಪಿ ನೋಡುವುದು, ಫಿಸಿಯೋಥೆರಪಿಯ ವ್ಯಾಯಾಮ, ಮಗ್ಗುಲು ಬದಲಿಸುವುದು. ಬಲಕ್ಕೆ ನಿಮ್ಮ ಕೈಯಲ್ಲಿಲ್ಲದ್ದು: ನರಗಳು ಚೇತರಿಸುವುದು, ಎಷ್ಟು ದಿನ, ಮತ್ತೊಮ್ಮೆ ಹೊಡೆಯುತ್ತದೆಯೋ ಎಂಬ ಭಯ. ಎಡಗಡೆಯದ್ದನ್ನು ಮಾಡಿ. ಬಲಗಡೆಯದ್ದನ್ನು ರಾತ್ರಿ ಮಲಗುವ ಮುಂಚೆ ಒಂದೊಂದಾಗಿ ಹೆಸರು ಹೇಳಿ ದೇವರ ಮೇಲೆ ಉರುಳಿಸಿ. ಕೀರ್ತನೆ 37:5ರ ಹೀಬ್ರೂ ಕ್ರಿಯಾಪದಕ್ಕೆ ಉರುಳಿಸು ಎಂದೇ ಅರ್ಥ, ಎತ್ತಲಾರದ ಬಂಡೆಯನ್ನು ಉರುಳಿಸುವ ಹಾಗೆ. ಬೆಳಿಗ್ಗೆಗೆ ಆ ಬಂಡೆ ಮತ್ತೆ ನಿಮ್ಮ ಹತ್ತಿರವೇ ಇರುತ್ತದೆ. ಮತ್ತೆ ಉರುಳಿಸಿ, ಇದು ದಿನದಿನದ ಕೆಲಸ.

ಎರಡನೆಯದು ರಾತ್ರಿಯ ಏಳು ನಿಮಿಷದ ಹಿನ್ನೋಟ. ಬೆಳಕು ಕೊಡು ಎಂದು ಬೇಡಿ, ಬೆಳಗಿನಿಂದ ಗಂಟೆಗಂಟೆಯಾಗಿ ದಿನವನ್ನು ನೋಡಿ. ಸ್ತೋತ್ರಕ್ಕೆ ಒಂದು ಸಣ್ಣ ಸಂಗತಿಯನ್ನು ಆರಿಸಿ. ತಾಯಿ ಎರಡು ತುತ್ತು ಹೆಚ್ಚು ಉಂಡದ್ದು, ಪಕ್ಕದ ಮನೆಯವರು ಬಿಸಿ ರೊಟ್ಟಿ ಕಳಿಸಿದ್ದು. ಸಿಡುಕಿದ ಹೊತ್ತಿಗೆ ಕ್ಷಮೆ ಕೇಳಿ. ನಾಳೆಯ ಒಂದು ಕಷ್ಟದ ಗಳಿಗೆಯನ್ನು ಮುಂಚೆಯೇ ಒಪ್ಪಿಸಿ. ಸ್ತೋತ್ರದ ಸಂಗತಿಯನ್ನು ನೋಟ್‌ಪುಸ್ತಕದ ಹಿಂಬದಿಯಿಂದ ಬರೆಯುತ್ತಾ ಬನ್ನಿ, ತಿಂಗಳ ಕೊನೆಗೆ ಒಮ್ಮೆ ಓದಿ. ದಿನದಿನಕ್ಕೆ ಕಾಣದ ಹೆಜ್ಜೆ ತಿಂಗಳಿಗೆ ಕೆಲವೊಮ್ಮೆ ಕಾಣುತ್ತದೆ.

ಉಳಿದ ಹೊತ್ತಿನಲ್ಲೂ ಪ್ರಾರ್ಥನೆ ಬೇರೂರಬೇಕಾದರೆ ಅದನ್ನು ಆರೈಕೆಯೊಳಗೇ ನೆಡಬೇಕು. ಹಾಸಿಗೆ ಹಿಡಿದವರಿಗೆ ಹುಣ್ಣಾಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ವೈದ್ಯರು ಹೇಳಿರುತ್ತಾರೆ. ನೀವು ಮನೆಯಲ್ಲಿದ್ದು ಬದಲಿಸುವಾಗಲೆಲ್ಲ 70ನೇ ಕೀರ್ತನೆಯ ಮೊದಲ ವಚನವನ್ನು ಹೇಳಿ. ದೇವರೇ, ಬೇಗ ಬಂದು ನನಗೆ ಸಹಾಯ ಮಾಡು ಎಂಬುದು ಅದರ ತಿರುಳು. ಐದನೇ ಶತಮಾನದ ಜಾನ್ ಕ್ಯಾಸಿಯನ್, ಈಜಿಪ್ತಿನ ಮರುಭೂಮಿಯ ಸನ್ಯಾಸಿಗಳಿಂದ ಕಲಿತು, ಎಡೆಬಿಡದ ಪ್ರಾರ್ಥನೆಗೆ ಈ ಒಂದೇ ವಚನ ಸಾಕೆಂದು ಬರೆದ. ತಾಯಿಯನ್ನು ಒರಗಿಸುವಾಗ ಉಸಿರು ಒಳಗೆಳೆದು "ದೇವರೇ" ಎನ್ನಿ, ಬಿಡುವಾಗ "ಸಹಾಯ ಮಾಡು" ಎನ್ನಿ. ಅವರಿಗೆ ಕೇಳಿಸುವಂತೆ ಹೇಳಿದರೆ ಅವರ ಪ್ರಾರ್ಥನೆಯೂ ಅದೇ ಆಗಬಹುದು. ಮಾತು ತೊದಲಿದರೂ ಎಷ್ಟೋ ಜನರಿಗೆ ಬಾಲ್ಯದಲ್ಲಿ ಕಲಿತ ಹಾಡು ಹೊರಡುತ್ತದೆ. ಕರ್ತನ ಪ್ರಾರ್ಥನೆಯನ್ನು, ಹಳೆಯ ಸಂಗೀತವನ್ನು ಅವರ ಜೊತೆ ನಿಧಾನವಾಗಿ ಹೇಳಿ ನೋಡಿ. ಮಂಗಳೂರಿನ ಕಥೋಲಿಕ ಮನೆಗಳಲ್ಲಿ ಸಂಜೆಯ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಕಾಯಿಲೆಯವರ ಮಂಚದ ಪಕ್ಕದಲ್ಲೇ ನಡೆಯುವುದೂ ಇದಕ್ಕೇ. ಸ್ವಂತ ಮಾತು ಹುಟ್ಟದ ಹೊತ್ತಿಗೆ ಬಾಯಿಪಾಠದ ಪ್ರಾರ್ಥನೆ ಹೊತ್ತು ನಡೆಸುತ್ತದೆ.

ಉಪವಾಸವನ್ನು ಸದ್ಯಕ್ಕೆ ಹಗುರ ಮಾಡಿ. ಪಾಠ ಮಾಡಿ, ರೋಗಿಯನ್ನು ಎತ್ತಿ ಇಳಿಸುವವರು ದಿನವಿಡೀ ಹಸಿದಿರುವುದು ಬೇಡ. ಶುಕ್ರವಾರ ಒಂದು ಹೊತ್ತಿನ ಊಟ ಬಿಡಿ, ನೀರು ಕುಡಿಯಿರಿ, ಉಳಿದ ಖರ್ಚನ್ನು ಹಸಿದವರಿಗೆ ಕೊಡಿ. ಯೆಶಾಯ 58 ಕೇಳುವ ಉಪವಾಸ ಇದು. ಸಕ್ಕರೆ ಕಾಯಿಲೆ ಇದ್ದರೆ, ಹೊತ್ತಿಗೆ ಸರಿಯಾಗಿ ಮಾತ್ರೆ ಇದ್ದರೆ ಊಟ ಬಿಡುವುದೇ ಬೇಡ, ಮೊಬೈಲನ್ನೋ ಟಿವಿಯನ್ನೋ ಬಿಡಿ. ದೇವರ ಕೈ ತಿರುಗಿಸಲು ಉಪವಾಸವೆಂಬ ಎಣಿಕೆ ಮನಸ್ಸಿನಲ್ಲಿದ್ದರೆ ಅದನ್ನು ಅರಿಕೆ ಮಾಡಿ ಬಿಟ್ಟುಕೊಡಿ.

ಒಬ್ಬರೇ ಹೊರಬೇಡಿ. ಮೋಶೆಯ ಕೈ ಸೋತಾಗ ಆರೋನನೂ ಹೂರನೂ ಎರಡು ಕಡೆ ಎತ್ತಿ ಹಿಡಿದರು (ವಿಮೋಚನಕಾಂಡ 17:12). ಸಭೆಯಲ್ಲಿ ಬುದ್ಧಿವಾದ ಹೇಳದೆ ಕೇಳಬಲ್ಲ ಇಬ್ಬರನ್ನು ಆರಿಸಿ, ವಾರಕ್ಕೊಮ್ಮೆ ಅರ್ಧ ಗಂಟೆ ಮನೆಗೆ ಬರಲು ಹೇಳಿ. ಮೊದಲೇ ಹೀಗೆ ಹೇಳಿಬಿಡಿ: ನನಗೆ ಈಗ ಪ್ರಾರ್ಥಿಸಲು ಆಗುತ್ತಿಲ್ಲ, ನೀವು ಪ್ರಾರ್ಥಿಸಿ, ನಾನು ಆಮೆನ್ ಎನ್ನುತ್ತೇನೆ. ಆ ಹಿರಿಯ ಅಕ್ಕನೊಡನೆ ವಾದಕ್ಕಿಳಿಯಬೇಡಿ. "ಅಕ್ಕ, ಮುಂದಿನ ಶನಿವಾರ ಎರಡು ತಾಸು ಅಮ್ಮನ ಹತ್ತಿರ ಕೂರುತ್ತೀರಾ, ನಾನು ಸ್ವಲ್ಪ ಮಲಗುತ್ತೇನೆ" ಎಂದು ಕೇಳಿ. ಬಹುಪಾಲು ಜನ ಒಳ್ಳೆಯ ಮನಸ್ಸಿನಿಂದಲೇ ತಪ್ಪು ಮಾತಾಡುತ್ತಾರೆ, ಒಂದು ಕೆಲಸ ಕೊಟ್ಟರೆ ಮಾತು ತಾನೇ ತಿದ್ದಿಕೊಳ್ಳುತ್ತದೆ.

ಓದಲು ಮಾರ್ಕನ ಸುವಾರ್ತೆಯಿಂದ ಶುರುಮಾಡಿ. ಮೊದಲ ವಾರಕ್ಕೆ 1:29–39, 4:35–41, 6:30–44, 9:14–29, 10:46–52, 14:32–42. ಉದ್ದವೆನಿಸಿದ್ದನ್ನು ಎರಡು ದಿನಕ್ಕೆ ಹಂಚಿಕೊಳ್ಳಿ. ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು ಮಾಳಿಗೆ ತೆರೆದು ಇಳಿಸಿದ 2:1–12ನ್ನು ಮಾತ್ರ ಎರಡನೇ ವಾರಕ್ಕೆ ಇಟ್ಟುಕೊಳ್ಳಿ, ಮೊದಲ ದಿನವೇ ಓದಿದರೆ ನಿಮ್ಮ ಗಾಯಕ್ಕೆ ತಾಗೀತು. ಓದುವ ದಿನ ಐದನೇ ವಚನದಲ್ಲಿ ನಿಲ್ಲಿ. ಯೇಸು ನೋಡಿದ್ದು ಹೊತ್ತು ತಂದ "ಅವರ" ನಂಬಿಕೆಯನ್ನು ಎಂದಿದೆ. ಅಂದು ನಿಮ್ಮ ತಾಯಿಯ ಚಾಪೆಯ ನಾಲ್ಕು ಮೂಲೆಗಳನ್ನು ಯಾರು ಯಾರು ಹಿಡಿದಿದ್ದಾರೆಂದು ನೋಟ್‌ಪುಸ್ತಕದಲ್ಲಿ ಹೆಸರು ಬರೆಯಿರಿ. ಯಾವ ಮೂಲೆಗೆ ಹೆಸರಿಲ್ಲವೋ ಅದಕ್ಕೊಬ್ಬರನ್ನು ಆ ಭಾನುವಾರವೇ ಕೇಳಿಕೊಳ್ಳಿ.